ಮೂವರು ಪುಟ್ಟ ಮಕ್ಕಳು, ಒಬ್ಬಳೇ ಅಮ್ಮ: ಯಾರ ಸರದಿ ಮೊದಲು?

ಪ್ರಶ್ನೆ: ನನಗೆ ಮೂವರು ಮಕ್ಕಳು. ದೊಡ್ಡವಳಿಗೆ ಆರು ವರ್ಷ, ನಡುವಿನವನಿಗೆ ಮೂರು, ಕೂಸಿಗೆ ಎಂಟು ತಿಂಗಳು. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ. ಕೂಸಿಗೆ ಹಾಲು ಕುಡಿಸಲು ಕೂತರೆ ಮಗ ಏನಾದರೂ ಬೀಳಿಸುತ್ತಾನೆ. ಅವನನ್ನು ಎತ್ತಿಕೊಂಡರೆ ಕೂಸು ಅಳುತ್ತದೆ. ದೊಡ್ಡವಳು ಏನೋ ಹೇಳಲು ಬಂದರೆ ‘ಆಮೇಲೆ’ ಅನ್ನುತ್ತೇನೆ, ಆ ಆಮೇಲೆ ಬರುವುದೇ ಇಲ್ಲ. ಸಂಜೆ ಹೊತ್ತಿಗೆ ಕಿರುಚಿಬಿಡುತ್ತೇನೆ. ಅವರು ಮಲಗಿದ ಮೇಲೆ ಮುಖ ನೋಡಿದರೆ ಅಳು ಬರುತ್ತದೆ. ಮೂವರಿಗೂ ಸಮನಾಗಿ ಸಮಯ ಕೊಡುವುದು ಹೇಗೆ? ಬೇರೆ ಅಮ್ಮಂದಿರಿಗೆ ಆಗುವುದು ನನಗ್ಯಾಕೆ ಆಗುತ್ತಿಲ್ಲ? ನಮ್ಮ ಮನೆಯವರು ಸಹಾಯ ಮಾಡುವುದಿಲ್ಲ ಅಂತಲ್ಲ, ಹೇಳಿದರೆ ಮಾಡುತ್ತಾರೆ. ಆದರೆ ಹೇಳುವುದೂ ನನ್ನದೇ ಕೆಲಸ.

ಉತ್ತರ: ಮೂವರಿಗೂ ಸಮನಾಗಿ ಕೊಡಬೇಕು ಅನ್ನುವ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಸುಸ್ತು ಮಾಡುತ್ತಿರುವುದು ಅದೇ ಅಂತ ಪತ್ರ ಓದಿದಾಗ ನನಗೆ ಅನ್ನಿಸಿತು. ಎಂಟು ತಿಂಗಳ ಕೂಸಿಗೆ ಬೇಕಾದದ್ದು ನಿಮ್ಮ ಮೈ. ಎತ್ತಿಕೊಳ್ಳುವ ಕೈ, ಹಾಲು, ಒರಗಿಕೊಳ್ಳಲು ಹೆಗಲು. ಮೂರು ವರ್ಷದವನಿಗೆ ಬೇಕಾದದ್ದು ನಿಮ್ಮ ಕಣ್ಣು. ತಾನು ಹಾರಿದ್ದು, ಕಟ್ಟಿದ್ದು, ಬೀಳಿಸಿದ್ದು ಎಲ್ಲವನ್ನೂ ಅಮ್ಮ ನೋಡಲೇಬೇಕು. ಆರು ವರ್ಷದವಳಿಗೆ ಬೇಕಾದದ್ದು ನಿಮ್ಮ ಕಿವಿ. ಅವಳ ಹತ್ತಿರ ಈಗ ಕಥೆಗಳಿವೆ, ಪ್ರಶ್ನೆಗಳಿವೆ, ಶಾಲೆಯ ದೂರುಗಳಿವೆ. ಇವನ್ನೆಲ್ಲ ಒಂದೇ ಅಳತೆಯಲ್ಲಿ ಹಂಚಲು ಆಗುವುದಿಲ್ಲ. ಹಂಚಬೇಕಾಗಿಯೂ ಇಲ್ಲ.

ಮಕ್ಕಳು ನಿಮಿಷ ಎಣಿಸುವುದಿಲ್ಲ. ನನ್ನ ಸರದಿ ಬರುತ್ತದಾ, ಬರುತ್ತದೆ ಅಂದ ಮೇಲೆ ನಿಜಕ್ಕೂ ಬರುತ್ತದಾ, ಅದನ್ನು ನೋಡುತ್ತಾರೆ. ಬರುತ್ತದೆ ಅನ್ನುವ ನಂಬಿಕೆ ಇರುವ ಮಗು ಕಾಯುವುದನ್ನು ಕಲಿಯುತ್ತದೆ. ನಂಬಿಕೆ ಇಲ್ಲದ ಮಗು ಲೋಟ ಬೀಳಿಸುತ್ತದೆ. ನಾನು ಮುಂದೆ ಬರೆಯುವುದೆಲ್ಲ ಹೆಚ್ಚು ಕಡಿಮೆ ಈ ಒಂದು ಮಾತಿನ ಸುತ್ತಲೇ ಇದೆ.

ಬೇರೆ ಅಮ್ಮಂದಿರ ವಿಷಯ ಈಗಲೇ ಮುಗಿಸಿಬಿಡುತ್ತೇನೆ. ಏಳು ವರ್ಷದೊಳಗಿನ ಮೂವರು ಮಕ್ಕಳ ಜೊತೆ ಬೆಳಗ್ಗೆಯಿಂದ ಸಂಜೆವರೆಗೆ ಒಬ್ಬಳೇ ದೊಡ್ಡವಳು ಇರುವುದು ಮನುಷ್ಯರ ಇತಿಹಾಸದಲ್ಲಿ ಮಾಮೂಲಿ ವಿಷಯವೇ ಅಲ್ಲ. ಸಾರಾ ಬ್ಲಾಫರ್ ಹರ್ಡಿ ಅನ್ನುವ ಮಾನವಶಾಸ್ತ್ರಜ್ಞೆ ಇದರ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಮನುಷ್ಯರ ಕೂಸುಗಳು ಅಜ್ಜಿ, ಚಿಕ್ಕಮ್ಮ, ಅಪ್ಪ, ದೊಡ್ಡ ಮಕ್ಕಳು, ನೆರೆಯವರು ಹೀಗೆ ಹಲವರ ತೋಳಲ್ಲಿ ಬೆಳೆದದ್ದರಿಂದಲೇ ಮನುಷ್ಯ ಕುಲ ಉಳಿದುಕೊಂಡಿತು ಅನ್ನುವುದು ಅವರ ವಾದ. ಹಲವರ ಕೆಲಸ ಈಗ ಒಬ್ಬರ ಮೇಲೆ ಬಿದ್ದಿದೆ. ಎರಡು ಕೈ ಸಾಲುತ್ತಿಲ್ಲ ಅಂದರೆ ಅದು ಕೈಯ ತಪ್ಪಲ್ಲ. ನಿಮಗೆ ಕಾಣುವ ಬೇರೆ ಅಮ್ಮಂದಿರು ಹೊರಗೆ ಬಂದಾಗ ಕಾಣುವವರು. ಅವರ ಮನೆಯ ಸಂಜೆ ಏಳು ಗಂಟೆಯನ್ನು ನೀವು ನೋಡಿಲ್ಲ.

ಇನ್ನೊಂದು ಭಯ ನಿಮ್ಮ ಪತ್ರದಲ್ಲಿದೆ, ನೀವು ಅದನ್ನು ನೇರವಾಗಿ ಬರೆದಿಲ್ಲ. ನನ್ನ ಗಮನ ಸಾಲದೆ ಮಕ್ಕಳು ಹಾಳಾಗಿಬಿಡುತ್ತಾರಾ ಅನ್ನುವ ಭಯ. ಎಡ್ವರ್ಡ್ ಟ್ರಾನಿಕ್ ಅನ್ನುವ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಅಮ್ಮ ಮತ್ತು ಕೂಸು ಒಬ್ಬರಿಗೊಬ್ಬರು ಸ್ಪಂದಿಸುವುದನ್ನು ಕ್ಷಣ ಕ್ಷಣ ಗಮನಿಸುತ್ತಾ ಬಂದರು. ಚೆನ್ನಾಗಿಯೇ ಇರುವ ಅಮ್ಮ-ಮಗುವಿನ ನಡುವೆಯೂ ಬಹಳಷ್ಟು ಹೊತ್ತು ತಾಳ ತಪ್ಪಿರುತ್ತದೆ ಅಂತ ಅವರಿಗೆ ಕಂಡಿತು. ಕೂಸು ನಗುವಾಗ ಅಮ್ಮ ಬೇರೆ ಕಡೆ ನೋಡುತ್ತಾಳೆ, ಅಮ್ಮ ಆಡಿಸಲು ಬಂದಾಗ ಕೂಸಿಗೆ ಬೇಡವಾಗಿರುತ್ತದೆ. ಮತ್ತೆ ಸರಿಹೋಗುತ್ತಾರೆ. ಹೀಗೆ ತಪ್ಪುವುದು, ಮತ್ತೆ ಕೂಡಿಕೊಳ್ಳುವುದು, ಇದರಿಂದಲೇ ಮಗುವಿಗೆ ಸಂಬಂಧದ ಮೇಲೆ ಭರವಸೆ ಬೆಳೆಯುತ್ತದೆ. ಅದಕ್ಕೂ ಮೊದಲೇ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್, ಮಗುವಿಗೆ ಬೇಕಾಗಿರುವುದು ಸಾಕಷ್ಟು ಒಳ್ಳೆಯ ಅಮ್ಮ, ಕೊರತೆಯೇ ಇಲ್ಲದ ಅಮ್ಮ ಅಲ್ಲ ಅಂತ ಹೇಳಿದ್ದರು. 2015ರಲ್ಲಿ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನವೂ ಇದೇ ದಿಕ್ಕಿನದು. 3ರಿಂದ 11 ವರ್ಷದ ಮಕ್ಕಳ ಜೊತೆ ಅಮ್ಮ ಕಳೆಯುವ ಗಂಟೆಗಳ ಸಂಖ್ಯೆಗೂ ಆ ಮಕ್ಕಳ ನಡತೆ, ಓದು, ಮನಸ್ಸಿನ ಆರೋಗ್ಯಕ್ಕೂ ಹೇಳಿಕೊಳ್ಳುವಂಥ ನಂಟು ಅದರಲ್ಲಿ ಕಾಣಲಿಲ್ಲ. ಹಾಗಾಗಿ ಇನ್ನಷ್ಟು ಗಂಟೆ ಎಲ್ಲಿಂದ ತರಲಿ ಅಂತ ಹುಡುಕಬೇಡಿ. ಇರುವ ಗಂಟೆಗಳಲ್ಲಿ ಯಾವ ಜಾಗದಲ್ಲಿ ಗಂಟು ಬೀಳುತ್ತಿದೆ ಅಂತ ನೋಡೋಣ.

ನೀವೇ ಬರೆದಿರುವ ಮೊದಲ ಗಂಟು, ಹಾಲು ಕುಡಿಸುವ ಹೊತ್ತು. ಮೂರು ವರ್ಷದವನ ಕಡೆಯಿಂದ ಇದನ್ನು ನೋಡಿ. ಅಮ್ಮ ಕೂತಳು. ಎರಡೂ ಕೈ ಕೂಸಿಗೆ ಹೋಯಿತು. ತೊಡೆಯೂ ಹೋಯಿತು. ಎದ್ದು ಬರುವ ಹಾಗಿಲ್ಲ ಅಂತ ಅವನಿಗೂ ಗೊತ್ತು. ಆಗ ಏನನ್ನಾದರೂ ಬೀಳಿಸಿದರೆ ಅಮ್ಮ ಖಂಡಿತ ತನ್ನ ಕಡೆ ತಿರುಗುತ್ತಾಳೆ. ಅವನ ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ?

ಅದಕ್ಕೆ ಸರದಿಯನ್ನು ತಿರುಗಿಸಿ. ಕೂಸಿಗೆ ಹಸಿವಾಗುವ ಸೂಚನೆ ಕಂಡ ಕೂಡಲೆ, ಅದು ರಚ್ಚೆ ಹಿಡಿಯುವ ಮೊದಲೇ, ಮಗನ ಹತ್ತಿರ ಹೋಗಿ. ನೀರು ಕುಡಿಸಿ, ಮೂತ್ರ ಮಾಡಿಸಿ, ಒಮ್ಮೆ ಗಟ್ಟಿಯಾಗಿ ತಬ್ಬಿಕೊಳ್ಳಿ. ಎರಡು ನಿಮಿಷದ ಕೆಲಸ. ಆಮೇಲೆ ಕೂಸನ್ನು ಎತ್ತಿಕೊಂಡು ಕೂತುಕೊಳ್ಳಿ, ಅವನಿಗೂ ಪಕ್ಕದಲ್ಲೇ ಜಾಗ ಇರಲಿ. ಹಾಲು ಕುಡಿಸುವಾಗ ಮಾತ್ರ ಹೊರಗೆ ಬರುವ ಒಂದು ಡಬ್ಬಿ ಇಡಿ. ಅದರಲ್ಲಿ ನಾಲ್ಕೈದು ಆಟದ ಸಾಮಾನು ಸಾಕು. ಹಾಲು ಮುಗಿದ ಕೂಡಲೆ ಡಬ್ಬಿ ಒಳಗೆ ಹೋಗಬೇಕು. ದಿನವಿಡೀ ಕೈಗೆ ಸಿಕ್ಕರೆ ಮೂರೇ ದಿನದಲ್ಲಿ ಅದರ ಸೆಳೆತ ಮುಗಿಯುತ್ತದೆ. ಡಬ್ಬಿಯಲ್ಲಿ ಬಾಯಿಗೆ ಹೋಗುವಂಥ ಚಿಕ್ಕ ಸಾಮಾನು ಬೇಡ, ಯಾಕೆಂದರೆ ಅಂಬೆಗಾಲಿಡುವ ಕೂಸು ಅದನ್ನು ಹುಡುಕಿಕೊಂಡೇ ಬರುತ್ತದೆ. ಗುಂಡಿಯಂಥ ಚಪ್ಪಟೆ ಬ್ಯಾಟರಿ ಇರುವ ಆಟಿಕೆಯಂತೂ ಬೇಡವೇ ಬೇಡ. ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು.

ಹಾಲು ಕುಡಿಸುತ್ತಾ ಬಾಯಿ ನಿಮ್ಮದೇ, ಅದು ಖಾಲಿ ಇದೆ. ಅದನ್ನು ದೊಡ್ಡ ಮಕ್ಕಳಿಗೆ ಕೊಡಿ. ಕೂಸಿನ ಬಗ್ಗೆಯೇ ಅವರ ಜೊತೆ ಮಾತಾಡಿ. ‘ನೋಡೋ, ನೀನು ಮಾತಾಡಿದ ಕೂಡಲೆ ಕುಡಿಯೋದು ನಿಲ್ಲಿಸಿ ಕೇಳ್ತಾ ಇದೆ. ನಿನ್ನ ದನಿ ಅದಕ್ಕೆ ಇಷ್ಟ ಅನ್ಸುತ್ತೆ.’ ಇದು ಸುಮ್ನೆ ಹೇಳುವ ಮಾತಲ್ಲ. ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಅನ್ನುವ ಸಂಶೋಧಕಿಯರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಎರಡನೇ ಮಗು ಹುಟ್ಟಿದ 40 ಕುಟುಂಬಗಳನ್ನು ಗಮನಿಸಿದರು. ಅವರ ಕೆಲಸ 1982ರಲ್ಲಿ ಪ್ರಕಟವಾಯಿತು. ಕೂಸಿಗೂ ಮನಸ್ಸಿದೆ, ಇಷ್ಟಾನಿಷ್ಟ ಇದೆ ಅಂತ ಮೊದಲ ಮಗುವಿನ ಜೊತೆ ಮಾತಾಡುತ್ತಿದ್ದ ಅಮ್ಮಂದಿರ ಮನೆಯಲ್ಲಿ ಮುಂದೆ ಆ ಇಬ್ಬರ ನಡುವೆ ಸ್ನೇಹ ಜಾಸ್ತಿ ಇತ್ತು. ‘ಪಾಪೂನ ಮುಟ್ಟಬೇಡ, ಸದ್ದು ಮಾಡಬೇಡ, ಆ ಕಡೆ ಹೋಗು’ ಅಂತ ದಿನವಿಡೀ ಕೇಳುವ ಮಗುವಿಗೆ ಕೂಸು ಅಂದರೆ ಬರೀ ಬೇಡಗಳ ಮೂಟೆ. ಬಾಯಿಂದ ಬರುವ ಈ ಬೇಡಗಳಲ್ಲಿ ಅರ್ಧ ಕಡಿಮೆಯಾದರೂ ಮನೆಯ ಗಾಳಿ ಬದಲಾಗುತ್ತದೆ.

ಮಗ ಈಚೆಗೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದರೆ, ಮಗುವಿನ ಹಾಗೆ ತೊದಲುತ್ತಿದ್ದರೆ, ನನಗೂ ಬಾಟಲಿ ಬೇಕು ಅಂತಿದ್ದರೆ ಗಾಬರಿ ಬೇಡ. ತಮ್ಮನೋ ತಂಗಿಯೋ ಬಂದ ಮೇಲೆ ಇದು ಬಹಳ ಮಾಮೂಲಿ. ‘ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ’ ಅನ್ನಬೇಡಿ. ಬೇಕಾದರೆ ಎರಡು ನಿಮಿಷ ಅವನನ್ನೂ ಕೂಸಿನ ಹಾಗೆ ತೊಡೆ ಮೇಲೆ ಮಲಗಿಸಿಕೊಂಡು ತೂಗಿ. ಸಾಕಾದ ಮೇಲೆ ತಾನೇ ಎದ್ದು ಓಡುತ್ತಾನೆ. ಆದರೆ ಉಚ್ಚೆ ಹೋಗುವಾಗ ನೋವು, ಜ್ವರ, ಅಥವಾ ಅತಿಯಾದ ಬಾಯಾರಿಕೆ ಜೊತೆಗಿದ್ದರೆ ಅದು ಹೊಟ್ಟೆಕಿಚ್ಚಲ್ಲ, ವೈದ್ಯರಿಗೆ ತೋರಿಸಬೇಕಾದ ವಿಷಯ.

ಈಗ ದೊಡ್ಡವಳ ‘ಆಮೇಲೆ’. ಆಮೇಲೆ ಅನ್ನುವುದು ತಪ್ಪಲ್ಲ. ಮೂವರು ಮಕ್ಕಳಿರುವ ಮನೆಯಲ್ಲಿ ಅದನ್ನು ಹೇಳದೆ ಬದುಕಲು ಆಗುವುದೇ ಇಲ್ಲ. ಆದರೆ ಆರು ವರ್ಷದವಳಿಗೆ ಆಮೇಲೆ ಅನ್ನುವುದು ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುವುದಿಲ್ಲ. ಗಡಿಯಾರದ ಹತ್ತು ನಿಮಿಷವೂ ಅವಳಿಗೆ ಅಷ್ಟಾಗಿ ಹಿಡಿತಕ್ಕೆ ಸಿಗದು. ಅವಳ ಕಣ್ಣಿಗೆ ಕಾಣುವ ಒಂದು ಘಟನೆಗೆ ಅದನ್ನು ಕಟ್ಟಿಹಾಕಿ. ‘ಪಾಪು ಹಾಲು ಕುಡಿದು ತೇಗಿದ ಕೂಡಲೆ ನಿನ್ನ ಮಾತು ಕೇಳ್ತೀನಿ.’ ಆಗ ಅವಳೂ ತೇಗು ಕಾಯುತ್ತಾಳೆ. ತೇಗು ಬಂತು ಅಂದ ಮೇಲೆ ನೀವು ಬೇರೆ ಯಾವ ಕೆಲಸಕ್ಕೂ ಏಳಬಾರದು. ಎಂಥ ಪಾತ್ರೆ ಕಾದಿದ್ದರೂ ಸರಿ. ‘ಹೇಳು, ಏನೋ ಹೇಳಬೇಕು ಅಂದಿದ್ದೆ’ ಅಂತ ನೀವಾಗಿಯೇ ಕೇಳಬೇಕು. ಅವಳು ಮರೆತಿದ್ದರೂ ಕೇಳಬೇಕು. ಅಮ್ಮ ನೆನಪಿಟ್ಟುಕೊಂಡಿದ್ದಾಳೆ ಅನ್ನುವುದು ಆ ಮಾತಿಗಿಂತ ದೊಡ್ಡದು. ಈಡೇರಿಸಲು ಆಗದ ಹೊತ್ತಿನಲ್ಲಿ ಆಮೇಲೆ ಅನ್ನಬೇಡಿ, ‘ಇವತ್ತು ಆಗಲ್ಲ ಚಿನ್ನ, ನಾಳೆ ಬೆಳಗ್ಗೆ ಜಡೆ ಹಾಕುವಾಗ’ ಅನ್ನಿ. ನೇರವಾದ ‘ಆಗಲ್ಲ’ವನ್ನು ಮಕ್ಕಳು ಸ್ವಲ್ಪ ಅತ್ತು ನುಂಗಿಕೊಳ್ಳುತ್ತಾರೆ.

ಇದರ ಜೊತೆಗೆ ದೊಡ್ಡವರಿಬ್ಬರಿಗೂ ದಿನಕ್ಕೊಮ್ಮೆ ಐದೈದು ನಿಮಿಷ ಬೇರೆ ಬೇರೆಯಾಗಿ ಕೊಡಿ. ಐದೇ ನಿಮಿಷವಾ ಅಂತ ನಿಮಗೆ ಅನ್ನಿಸಬಹುದು. ಹಟಮಾರಿ ಮಕ್ಕಳ ಕುಟುಂಬಗಳಿಗಾಗಿ ಶೀಲಾ ಐಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲಿ ಒಂದು ಚಿಕಿತ್ಸೆ ರೂಪಿಸಿದರು. ಅದರಲ್ಲಿ ಅಪ್ಪ-ಅಮ್ಮನಿಗೆ ಮನೆಯಲ್ಲಿ ಮಾಡಲು ಕೊಡುವ ಅಭ್ಯಾಸ ದಿನಕ್ಕೆ ಐದು ನಿಮಿಷದ ಆಟ, ಅಷ್ಟೇ. ಆದರೆ ಆ ಐದು ನಿಮಿಷಕ್ಕೆ ಕಟ್ಟುನಿಟ್ಟಾದ ನಿಯಮಗಳಿವೆ. ಆಟ ಮಗುವಿನದು, ನೀವು ಹಿಂದೆ ಹೋಗುವವರು. ಹೀಗೆ ಮಾಡು ಅನ್ನುವಂತಿಲ್ಲ. ಇದೇನು ಬಣ್ಣ, ಇದು ಎಷ್ಟು ಅಂತ ಪ್ರಶ್ನೆ ಕೇಳುವಂತಿಲ್ಲ. ತಪ್ಪು ತಿದ್ದುವಂತಿಲ್ಲ. ಅದು ಮಾಡುತ್ತಿರುವುದನ್ನು ನೋಡಿ ಹೇಳುವುದು: ‘ಓ, ಉದ್ದದ್ದನ್ನ ಕೆಳಗೆ ಇಟ್ಟೆ. ಈಗ ಮೇಲೆ ಕೆಂಪು ಬಂತು.’ ಕೇಳಲು ಸುಲಭ, ಮಾಡಲು ಕಷ್ಟ. ಅಮ್ಮಂದಿರ ಬಾಯಿಗೆ ಪ್ರಶ್ನೆ ತಾನಾಗಿ ಬರುತ್ತದೆ. ಎರಡು ಮೂರು ವಾರ ರೂಢಿ ಮಾಡಿಕೊಳ್ಳಿ. ಫೋನ್ ಬೇರೆ ಕೋಣೆಯಲ್ಲಿರಲಿ. ಮುಖ್ಯ ವಿಷಯ, ತಪ್ಪು ಮಾಡಿದ ದಿನವೂ ಈ ಐದು ನಿಮಿಷವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ. ಅದು ಮಗು ಗೆದ್ದುಕೊಳ್ಳಬೇಕಾದ ಬಹುಮಾನ ಆಗಬಾರದು, ಅದರ ಪಾಲು ಆಗಿರಬೇಕು.

ಜಗಳದ ಬಗ್ಗೆ ನೀವು ಬರೆದಿಲ್ಲ, ಆದರೆ ಆರು ಮತ್ತು ಮೂರು ವರ್ಷದವರು ಒಂದೇ ಕೋಣೆಯಲ್ಲಿದ್ದಾರೆ ಅಂದರೆ ಜಗಳ ಇದ್ದೇ ಇರುತ್ತದೆ. ಒಂದು ಗಂಟೆಯಲ್ಲಿ ಹಲವು ಸಲ ಕಿತ್ತಾಡುವುದು ಈ ವಯಸ್ಸಿನ ಅಕ್ಕ-ತಮ್ಮಂದಿರಲ್ಲಿ ಸಹಜ. ಪ್ರತಿಯೊಂದಕ್ಕೂ ನೀವು ಓಡಬೇಕಾಗಿಲ್ಲ. ಹೊಡೆತ, ಕಚ್ಚುವುದು, ಒಬ್ಬರೇ ಸದಾ ಅಳುವುದು, ಇಷ್ಟಾದಾಗ ಮಾತ್ರ ಹೋಗಿ. ಹೋದ ಮೇಲೆ ‘ಯಾರು ಶುರು ಮಾಡಿದ್ದು’ ಅಂತ ಕೇಳಬೇಡಿ. ಅದಕ್ಕೆ ನಿಜವಾದ ಉತ್ತರ ಎಂದೂ ಸಿಗುವುದಿಲ್ಲ, ಸಿಕ್ಕಿದರೂ ಒಬ್ಬರು ಸೋತು ಪೆಚ್ಚು ಮೋರೆ ಹಾಕಿಕೊಂಡು ಹೋಗುತ್ತಾರೆ, ಸೇಡು ಉಳಿಯುತ್ತದೆ.

ಬಸ್ಸಿನ ಆಟಿಕೆಗೆ ಇಬ್ಬರೂ ಕೈ ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ನೀವು ನೆಲದ ಮೇಲೆ ಕೂತು, ಬಸ್ಸಿನ ಮೇಲೆ ನಿಮ್ಮ ಕೈಯನ್ನೂ ಇಡಿ. ‘ಬಸ್ಸು ಈಗ ನನ್ನ ಹತ್ತಿರ ಇರುತ್ತೆ. ಒಬ್ಬೊಬ್ಬರೇ ಹೇಳಿ.’ ಮಗಳು ಹೇಳುತ್ತಾಳೆ, ಮಗ ಕೂಗುತ್ತಾನೆ. ಅವನಿಗೆ ಮಾತು ಸಾಲದು, ಅವನ ಪರವಾಗಿ ನೀವೇ ಹೇಳಿ: ‘ನೀನು ಬಸ್ಸನ್ನ ಸೋಫಾ ಕೆಳಗೆ ಬಿಡಬೇಕು ಅಂತಿದ್ದೆ. ಅಕ್ಕ ಎತ್ತಿಕೊಂಡಳು. ಕೋಪ ಬಂತು.’ ಆಮೇಲೆ ಇಬ್ಬರಿಗೂ, ‘ಬಸ್ಸು ಒಂದೇ ಇದೆ, ನೀವು ಇಬ್ಬರು ಇದ್ದೀರಿ. ಏನು ಮಾಡೋಣ?’ ಅಂತ ಕೇಳಿ ಸುಮ್ಮನಾಗಿ. ಆ ಮೌನ ಮುಖ್ಯ. ಆರು ವರ್ಷದವಳು ಏನಾದರೂ ದಾರಿ ಹುಡುಕಿಯೇ ಹುಡುಕುತ್ತಾಳೆ. ಕೆನಡಾದ ಜೂಲಿ ಸ್ಮಿತ್ ಮತ್ತು ಹಿಲ್ಡಿ ರಾಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪ್ಪ-ಅಮ್ಮಂದಿರಿಗೆ ಹೀಗೆ ಮಧ್ಯಸ್ಥಿಕೆ ಮಾಡುವುದನ್ನು ಕಲಿಸಿದ್ದರು. 5ರಿಂದ 10 ವರ್ಷದ ಆ ಮಕ್ಕಳು ತಾವೇ ರಾಜಿ ಮಾಡಿಕೊಳ್ಳುವುದನ್ನು, ಇನ್ನೊಬ್ಬರ ಕಡೆಯಿಂದ ಯೋಚಿಸುವುದನ್ನು ಚೆನ್ನಾಗಿ ಕಲಿತರು. ನಿಮ್ಮ ಮಗ ಇನ್ನೂ ಆ ವಯಸ್ಸಿಗೆ ಬಂದಿಲ್ಲ. ಅವನಿಗೆ ಹಂಚಿಕೊಳ್ಳುವುದು ಅರ್ಥವಾಗುವುದಿಲ್ಲ, ಸರದಿ ಅರ್ಥವಾಗುತ್ತದೆ. ‘ಅಕ್ಕ ಐದು ಸುತ್ತು ಓಡಿಸ್ತಾಳೆ, ನಾವು ಎಣಿಸೋಣ, ಆಮೇಲೆ ನೀನು.’ ಅವನು ಎಣಿಸುತ್ತಾ ಅಳು ಮರೆಯುತ್ತಾನೆ.

ಇಲ್ಲಿ ದೊಡ್ಡವಳ ಪರವಾಗಿ ಒಂದು ಮಾತು ಕೇಳಿಕೊಳ್ಳುತ್ತೇನೆ. ‘ನೀನು ದೊಡ್ಡವಳು, ಬಿಟ್ಟುಕೊಡು’ ಅನ್ನುವುದನ್ನು ದಯವಿಟ್ಟು ಕಡಿಮೆ ಮಾಡಿ. ಕೂಸು ಹುಟ್ಟಿದ ದಿನ ಅವಳ ವಯಸ್ಸು ಏರಲಿಲ್ಲ. ಆರು ವರ್ಷ ಅಂದರೆ ಇನ್ನೂ ಹಾಲು ಹಲ್ಲು ಬೀಳುವ ವಯಸ್ಸು. ಡೈಪರ್ ತಂದುಕೊಡಲಿ, ಕೂಸಿಗೆ ಹಾಡು ಹೇಳಲಿ, ತಮ್ಮನಿಗೆ ಚಪ್ಪಲಿ ಹಾಕಲಿ, ಎಲ್ಲವೂ ಸರಿ. ಅದರಿಂದ ಅವಳಿಗೂ ಹೆಮ್ಮೆ. ಆದರೆ ‘ಸ್ವಲ್ಪ ಇವರನ್ನ ನೋಡ್ಕೊ’ ಅಂತ ಹೇಳಿ ನೀವು ಸ್ನಾನಕ್ಕೆ ಹೋಗಬಾರದು. ಕೂಸಿನ ಬಾಯಿಗೆ ಏನಾದರೂ ಹೋದರೆ, ಇಂಚಿನಷ್ಟು ನೀರಿರುವ ಟಬ್ಬಿನಲ್ಲಿ ಕೂಸು ಮುಗ್ಗರಿಸಿದರೆ ಏನು ಮಾಡಬೇಕು ಅಂತ ಅವಳಿಗೆ ಗೊತ್ತಾಗುವುದಿಲ್ಲ. ಏನಾದರೂ ಆದರೆ ಆ ಭಾರ ಜೀವಮಾನವಿಡೀ ಅವಳ ಮೇಲಿರುತ್ತದೆ.

ಸಂಜೆಯ ಕಿರುಚಾಟಕ್ಕೆ ಬರುತ್ತೇನೆ. ಅದು ಸಂಜೆಗೇ ಯಾಕೆ ಬರುತ್ತದೆ? ನಾಲ್ವರೂ ಒಟ್ಟಿಗೆ ದಣಿದಿರುವುದು ಆ ಹೊತ್ತಿನಲ್ಲಿ ಮಾತ್ರ. ಜೊತೆಗೆ ಊಟ, ಸ್ನಾನ, ಶಾಲೆಯ ಕೆಲಸ, ಮಲಗಿಸುವುದು ಎಲ್ಲವೂ ಅದೇ ಎರಡು ಮೂರು ಗಂಟೆಗೆ ಬಂದು ಬೀಳುತ್ತದೆ. ಹಾಗಾಗಿ ಸಂಜೆಯಲ್ಲಿ ನಿಮ್ಮನ್ನು ತಿದ್ದಿಕೊಳ್ಳುವ ಬದಲು ಸಂಜೆಯಿಂದ ಕೆಲಸವನ್ನೇ ಹೊರಗೆ ಹಾಕಿ. ಸ್ನಾನ ಬೆಳಗ್ಗೆಗೋ ಮಧ್ಯಾಹ್ನಕ್ಕೋ ಹೋಗಲಿ. ದಿನವೂ ಮೂವರಿಗೂ ತಲೆಯಿಂದ ಕಾಲಿನವರೆಗೆ ಸ್ನಾನ ಆಗಲೇಬೇಕು ಅಂತಿಲ್ಲ, ಒರೆಸಿದರೂ ನಡೆಯುತ್ತದೆ. ನಾಳೆಯ ಬಟ್ಟೆ, ಶಾಲೆಯ ಚೀಲ ಮಧ್ಯಾಹ್ನವೇ ಸಿದ್ಧವಾಗಲಿ. ರಾತ್ರಿ ಊಟವನ್ನು ಮಕ್ಕಳಿಗೆ ಅರ್ಧ ಗಂಟೆ ಮುಂಚೆಯೇ ಕೊಟ್ಟುಬಿಡಿ. ನೀವೂ ಆ ಹೊತ್ತಿಗೆ ಏನಾದರೂ ತಿನ್ನಿ. ಹಸಿದ ಅಮ್ಮನ ತಾಳ್ಮೆ ಬಹಳ ತೆಳು. ಮನೆ ಹರಡಿದ್ದರೆ ಹರಡಿರಲಿ, ಈ ವರ್ಷ ಅದು ಹಾಗೇ ಇರುತ್ತದೆ.

ನಿದ್ದೆಯ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಿ. ಹಗಲಿನ ನಿದ್ದೆಯೂ ಸೇರಿ ಕೂಸಿಗೆ ದಿನಕ್ಕೆ 12ರಿಂದ 16 ಗಂಟೆ, ಮೂರು ವರ್ಷದವನಿಗೆ 10ರಿಂದ 13 ಗಂಟೆ, ಆರು ವರ್ಷದವಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಮಗ ಸಂಜೆಯಾದರೆ ಚಂಡಿ ಹಿಡಿಯುತ್ತಾನೆ ಅಂದರೆ ಬಹಳ ಸಲ ಅದು ಹಟ ಅಲ್ಲ, ನಿದ್ದೆ ಸಾಲದ್ದು. ಒಂದು ವಾರ ಅರ್ಧ ಗಂಟೆ ಬೇಗ ಮಲಗಿಸಿ ನೋಡಿ.

ಸ್ಕ್ರೀನ್ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ವರ್ಷದೊಳಗಿನ ಕೂಸಿಗೆ ಅದು ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆ ಮಿತಿಯೊಳಗಿನ ಇಪ್ಪತ್ತು ನಿಮಿಷವನ್ನು ಸಂಜೆಯ ಅತಿ ಕಷ್ಟದ ಹೊತ್ತಿಗೆ ಎತ್ತಿಟ್ಟುಕೊಂಡರೆ ಅದಕ್ಕಾಗಿ ನೀವು ತಲೆ ತಗ್ಗಿಸಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಕೋಪ ಬರುವ ದಿನ ಬರುತ್ತದೆ. ಕಿರುಚುವ ಮೊದಲು ಮೈ ಸೂಚನೆ ಕೊಡುತ್ತದೆ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೈ ವೇಗವಾಗುತ್ತದೆ. ನಿಮ್ಮದು ಯಾವುದು ಅಂತ ಗುರುತು ಹಿಡಿದಿಟ್ಟುಕೊಳ್ಳಿ. ಅದು ಕಂಡ ಕೂಡಲೆ ಕೂಸನ್ನು ತೊಟ್ಟಿಲಲ್ಲಿ ಬೆನ್ನ ಮೇಲೆ ಮಲಗಿಸಿ, ದೊಡ್ಡವರಿಬ್ಬರು ಅಪಾಯವಿಲ್ಲದ ಜಾಗದಲ್ಲಿದ್ದಾರೆ ಅಂತ ನೋಡಿ, ನೀವು ಬಾಗಿಲ ಆಚೆ ಹೋಗಿ ನಿಲ್ಲಿ. ನಾಲ್ಕೈದು ನಿಮಿಷ ಕೂಸು ತೊಟ್ಟಿಲಲ್ಲಿ ಅತ್ತರೆ ಏನೂ ಆಗುವುದಿಲ್ಲ. ಆದರೆ ಕೋಪದಲ್ಲಿ ಕೂಸನ್ನು ಹಿಡಿದು ಅಲುಗಾಡಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಮಿದುಳಿನೊಳಗೆ ರಕ್ತಸ್ರಾವ ಆಗಬಹುದು. ಕೂಸಿನ ತಲೆ ಭಾರ, ಕತ್ತು ಇನ್ನೂ ದುರ್ಬಲ. ನಿಮ್ಮ ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವ ಪ್ರತಿಯೊಬ್ಬರಿಗೂ ಇದನ್ನು ಹೇಳಿ. ಮಗನ ರಂಪಾಟಕ್ಕೂ ಒಂದು ಧೈರ್ಯದ ಮಾತು ಇದೆ. ಪುಟ್ಟ ಮಕ್ಕಳ ರಂಪಾಟಗಳಲ್ಲಿ ಬಹುಪಾಲು ಐದು ನಿಮಿಷದೊಳಗೆ ಮುಗಿಯುತ್ತವೆ. ಆ ಹೊತ್ತಿನಲ್ಲಿ ಬುದ್ಧಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ಕೂತರೆ ಸಾಕು.

ಕಿರುಚಿಬಿಟ್ಟಿರಿ ಅಂತಿಟ್ಟುಕೊಳ್ಳಿ. ಅವರು ಮಲಗಿದ ಮೇಲೆ ಮುಖ ನೋಡಿ ಅಳುವ ಬದಲು ಎಚ್ಚರವಿರುವಾಗಲೇ ಹೋಗಿ ಹೇಳಿ. ‘ನಾನು ಜೋರಾಗಿ ಕೂಗಿದೆ. ನಿನಗೆ ಹೆದರಿಕೆ ಆಯ್ತು ಅಲ್ವಾ? ಅಮ್ಮನಿಗೆ ಸುಸ್ತಾಗಿತ್ತು. ಆದರೂ ಹಾಗೆ ಕೂಗಬಾರದಿತ್ತು.’ ಅಲ್ಲಿಗೆ ನಿಲ್ಲಿಸಿ. ‘ನೀನು ಹಾಗೆ ಮಾಡಿದ್ದಕ್ಕೇ’ ಅಂತ ಮುಂದುವರಿಸಬೇಡಿ. ಅಳುತ್ತಾ ‘ನಾನು ಕೆಟ್ಟ ಅಮ್ಮ’ ಅಂತಲೂ ಹೇಳಬೇಡಿ, ಆಗ ಆರು ವರ್ಷದವಳು ನಿಮ್ಮನ್ನು ಸಮಾಧಾನ ಮಾಡಲು ನಿಲ್ಲುತ್ತಾಳೆ.

ನಿಮ್ಮ ಮೈಯನ್ನೂ ತೋರಿಸಿಕೊಳ್ಳಿ. ಹೆರಿಗೆಯ ನಂತರದ ವರ್ಷದಲ್ಲಿ ರಕ್ತಹೀನತೆ, ಥೈರಾಯ್ಡ್ ತೊಂದರೆ ಎರಡೂ ಸಾಮಾನ್ಯ. ಎರಡೂ ಸುಸ್ತು, ಸಿಡಿಮಿಡಿಯ ರೂಪದಲ್ಲೇ ಬರುತ್ತವೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹೆರಿಗೆ ನಂತರದ ಖಿನ್ನತೆ ಕೂಡ ಬರೀ ಅಳುವಾಗಿ ಬರುವುದಿಲ್ಲ, ಎಷ್ಟೋ ಸಲ ಕೋಪವಾಗಿ ಬರುತ್ತದೆ. ಅದನ್ನು ಗುರುತಿಸಲು ವೈದ್ಯರ ಹತ್ತಿರ ಎಡಿನ್‌ಬರೋ ಮಾಪನ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಇದೆ. 1987ರಿಂದ ಬಳಕೆಯಲ್ಲಿದೆ, ತುಂಬಲು ಐದು ನಿಮಿಷ ಸಾಕು. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಖುಷಿ ಇಲ್ಲ, ಕೂಸು ಮಲಗಿದರೂ ನಿಮಗೆ ನಿದ್ದೆ ಬರುತ್ತಿಲ್ಲ, ಬರೀ ಅಪರಾಧಿ ಭಾವ ಅಂತಿದ್ದರೆ ಹೋಗಿ. ನಾನಿಲ್ಲದಿದ್ದರೇ ಚೆನ್ನ, ಮಕ್ಕಳಿಗೆ ಏನಾದರೂ ಮಾಡಿಬಿಡುತ್ತೇನೋ ಅನ್ನುವ ಯೋಚನೆ ಒಮ್ಮೆ ಬಂದರೂ ಅವತ್ತೇ ಯಾರಿಗಾದರೂ ಹೇಳಿ, ಅವತ್ತೇ ವೈದ್ಯರನ್ನು ಕಾಣಿ. ಇದಕ್ಕೆ ಚಿಕಿತ್ಸೆ ಇದೆ, ಹಾಲು ಕುಡಿಸುತ್ತಿರುವಾಗಲೂ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಇನ್ನೊಂದು ಎಚ್ಚರ: ಕಣ್ಣು ಎಳೆಯುತ್ತಿರುವಾಗ ಕೂಸನ್ನು ಎತ್ತಿಕೊಂಡು ಸೋಫಾದಲ್ಲಿ ಕೂರಬೇಡಿ. ಹಾಗೆ ಅಲ್ಲೇ ನಿದ್ದೆ ಹೋದರೆ ಕೂಸಿಗೆ ಉಸಿರು ಕಟ್ಟುವ ಅಪಾಯ ಬಹಳ.

ಕೊನೆಯದು ನಿಮ್ಮ ಮನೆಯವರ ವಿಷಯ. ‘ಹೇಳುವುದೂ ನನ್ನದೇ ಕೆಲಸ’ ಅಂತ ಬರೆದಿದ್ದೀರಿ. ಅದು ನಿಜವಾದ ಕೆಲಸವೇ. ಆಲಿಸನ್ ಡೇಮಿಂಜರ್ ಅನ್ನುವ ಸಮಾಜಶಾಸ್ತ್ರಜ್ಞೆ 2019ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಮನೆಯ ಯಾವುದೇ ಕೆಲಸದ ಹಿಂದೆ ಕಾಣದ ನಾಲ್ಕು ಕೆಲಸ ಇರುತ್ತವೆ: ಮುಂದೆ ಏನು ಬೇಕಾಗುತ್ತದೆ ಅಂತ ಊಹಿಸುವುದು, ದಾರಿಗಳನ್ನು ಹುಡುಕುವುದು, ತೀರ್ಮಾನ ಮಾಡುವುದು, ಆಮೇಲೆ ಅದು ಆಯಿತಾ ಅಂತ ನೋಡಿಕೊಳ್ಳುವುದು. ಅವರು ಮಾತಾಡಿಸಿದ ದಂಪತಿಗಳಲ್ಲಿ ತೀರ್ಮಾನವನ್ನು ಹೆಚ್ಚಾಗಿ ಇಬ್ಬರೂ ಸೇರಿ ಮಾಡುತ್ತಿದ್ದರು. ಆದರೆ ಮೊದಲನೆಯದು ಮತ್ತು ಕೊನೆಯದು ಬಹುಪಾಲು ಹೆಂಡತಿಯ ತಲೆಯಲ್ಲೇ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಇದೇ ಆಗುತ್ತಿದೆ. ಅವರು ಕೈ ಕೊಡುತ್ತಿದ್ದಾರೆ, ತಲೆ ಕೊಡುತ್ತಿಲ್ಲ.

ಹಾಗಾಗಿ ಸಹಾಯ ಕೇಳುವುದನ್ನು ನಿಲ್ಲಿಸಿ, ಪೂರ್ತಿ ಒಂದು ಕೆಲಸವನ್ನು ಬಿಟ್ಟುಕೊಡಿ. ಮಕ್ಕಳು ಮಲಗಿದ ಮೇಲೆ, ಜಗಳದ ನಡುವೆ ಅಲ್ಲ, ಕೂತು ಮಾತಾಡಿ. ಉದಾಹರಣೆಗೆ ಲಸಿಕೆಯ ಲೆಕ್ಕ: ಯಾವಾಗ, ಯಾವುದು, ಕಾರ್ಡ್ ಎಲ್ಲಿದೆ, ಹೋದ ದಿನ ದೊಡ್ಡವರನ್ನು ಯಾರು ನೋಡಿಕೊಳ್ಳುತ್ತಾರೆ, ರಾತ್ರಿ ಜ್ವರ ಬಂದರೆ ಯಾರು ಎದ್ದಿರುತ್ತಾರೆ, ಎಲ್ಲವೂ ಅವರದ್ದು. ಅಥವಾ ರಾತ್ರಿ ದೊಡ್ಡವರಿಬ್ಬರನ್ನು ಮಲಗಿಸುವುದು. ಹಲ್ಲುಜ್ಜಿಸುವುದರಿಂದ ದೀಪ ಆರಿಸುವವರೆಗೆ ಅವರದ್ದು. ಆ ಹೊತ್ತಿನಲ್ಲಿ ನೀವು ಕೂಸಿನ ಜೊತೆ ಬೇರೆ ಕೋಣೆಯಲ್ಲಿರಿ, ಬಾಗಿಲು ಹಾಕಿಕೊಳ್ಳಿ. ಮೊದಲ ವಾರ ಮಕ್ಕಳು ‘ಅಮ್ಮನೇ ಬೇಕು’ ಅಂತ ಅಳುತ್ತಾರೆ. ನಿಮ್ಮ ಮನೆಯವರು ನಿಮಗಿಂತ ಅರ್ಧ ಗಂಟೆ ಜಾಸ್ತಿ ತೆಗೆದುಕೊಳ್ಳುತ್ತಾರೆ. ಒಂದು ದಿನ ಹಲ್ಲುಜ್ಜಿಸುವುದನ್ನೇ ಮರೆಯುತ್ತಾರೆ. ಬಾಗಿಲು ತೆರೆದು ನೆನಪಿಸಬೇಡಿ. ಮಲಗಿಸುವುದು ಈಗ ಅವರ ಕೆಲಸ, ಮರೆತದ್ದನ್ನು ನಾಳೆ ನೆನಪಿಟ್ಟುಕೊಳ್ಳುವುದೂ ಅವರದ್ದೇ.